ಸಣ್ಣ ಉದ್ದಿಮೆಗೆ ಮಿತವ್ಯಯದ ಕಚೇರಿ ತಂತ್ರಾಂಶ: ಆಯ್ಕೆಗೆ ಮುನ್ನ ಗಮನಿಸಬೇಕಾದ ಅಂಶಗಳು

ಪತ್ರ ವ್ಯವಹಾರ, ದರಪಟ್ಟಿ, ದಾಸ್ತಾನು ವಿವರ, ಸಂಬಳದ ತಖ್ತೆ, ಬಾಕಿದಾರರ ಯಾದಿ ಇವುಗಳಿಲ್ಲದೆ ಯಾವ ಅಂಗಡಿಯೂ, ಯಾವ ಕಾರ್ಖಾನೆಯೂ ನಡೆಯಲಾರದು. ಒಂದು ಕಾಲಕ್ಕೆ ಈ ಕೆಲಸಗಳೆಲ್ಲ ಬೆರಳಚ್ಚು ಯಂತ್ರ ಹಾಗೂ ಖಾತೆ ಪುಸ್ತಕಗಳ ಮೂಲಕ ಸಾಗುತ್ತಿದ್ದವು. ಮುಂದೆ ವರ್ಡ್‌ಸ್ಟಾರ್, ಲೋಟಸ್ 1-2-3 ಮೊದಲಾದ ತಂತ್ರಾಂಶಗಳು ಬಂದವು. ಅನಂತರ ಮೈಕ್ರೋಸಾಫ್ಟ್ ಆಫೀಸ್ ಬಹುಪಾಲು ಕಚೇರಿಗಳನ್ನು ಆವರಿಸಿತು. ಗಣಕಯಂತ್ರ ಕೊಂಡಾಗ ಅದರೊಡನೆ ಬಂದದ್ದನ್ನೇ ಬಳಸುತ್ತ ಬಂದ ನಮ್ಮ ಅನೇಕ ವರ್ತಕರಿಗೆ ಹಾಗೂ ಸಣ್ಣ ಉದ್ದಿಮೆದಾರರಿಗೆ ಈ ತಂತ್ರಾಂಶವನ್ನು ತಾವೇ ಆರಿಸಬೇಕಾದ ಸಂದರ್ಭ ಬಂದಿರಲಿಲ್ಲ.

ಆ ಸಂದರ್ಭ ಈಗ ಒದಗಿದೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ಆಫೀಸ್ 2016, ಆಫೀಸ್ 2019 ಹಾಗೂ ವಿಂಡೋಸ್ 10 ಇವುಗಳಿಗೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಆಫೀಸ್ 2021ಕ್ಕೆ ನಿಗದಿಯಾದ ಕೊನೆಯ ದಿನ 2026ರ ಅಕ್ಟೋಬರ್ 13. ಬೆಂಬಲ ನಿಂತ ಮಾತ್ರಕ್ಕೆ ತಂತ್ರಾಂಶ ಕೆಲಸ ನಿಲ್ಲಿಸುವುದಿಲ್ಲ. ಎಂದಿನಂತೆ ತೆರೆದುಕೊಳ್ಳುತ್ತದೆ, ಮುದ್ರಿಸುತ್ತದೆ. ಆದರೆ ಅದರಲ್ಲಿ ಕಂಡುಬರುವ ಭದ್ರತಾ ಲೋಪಗಳನ್ನು ತಯಾರಕರು ಮುಂದೆ ಸರಿಪಡಿಸುವುದಿಲ್ಲ. ಇಮೇಲ್ ಮೂಲಕ ಬರುವ ನಕಲಿ ಇನ್‌ವಾಯ್ಸ್ ಒಂದನ್ನು ಅಂತಹ ಗಣಕದಲ್ಲಿ ತೆರೆದರೆ ಇಡೀ ಕಚೇರಿಯ ಕಡತಗಳಿಗೆ ಬೀಗ ಬೀಳುವ ಅಪಾಯ ಹೆಚ್ಚು. ಆದುದರಿಂದ ಇಂದಲ್ಲ ನಾಳೆ ಹೊಸ ತಂತ್ರಾಂಶದ ಆಯ್ಕೆ ಅನಿವಾರ್ಯ. ಹೇಗೂ ಮಾಡಲೇಬೇಕಾದ ಈ ವೆಚ್ಚವನ್ನು ಯೋಚಿಸಿ ಮಾಡುವುದು ಹೇಗೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಕೆಲಸದ ಪಟ್ಟಿ, ಆಮೇಲೆ ಬೆಲೆಯ ಪಟ್ಟಿ

ಸಾಮಾನ್ಯವಾಗಿ ಮಾರಾಟಗಾರರಿಂದ ಕೊಟೇಷನ್ ತರಿಸುವುದರಿಂದಲೇ ನಾವು ಆರಂಭಿಸುತ್ತೇವೆ. ಇದು ಸರಿಯಾದ ಕ್ರಮವಲ್ಲ. ಲೇತ್ ಯಂತ್ರ ಕೊಳ್ಳುವ ಉದ್ದಿಮೆದಾರರು ಯಾವ ಅಳತೆಯ ಬಿಡಿಭಾಗಗಳನ್ನು ತಯಾರಿಸಬೇಕೆಂದು ಮೊದಲು ನಿರ್ಧರಿಸುವಂತೆ, ತಂತ್ರಾಂಶ ಕೊಳ್ಳುವ ಮುನ್ನ ಪ್ರತಿಯೊಂದು ಗಣಕದ ಮುಂದೆ ಕುಳಿತವರು ದಿನವಿಡೀ ಏನು ಮಾಡುತ್ತಾರೆಂಬುದನ್ನು ಬರೆದಿಟ್ಟುಕೊಳ್ಳಬೇಕು.

ಹೀಗೆ ಬರೆದಾಗ ಹೆಚ್ಚಿನ ಸಣ್ಣ ಸಂಸ್ಥೆಗಳಲ್ಲಿ ಕೆಲಸಗಾರರು ಮೂರು ಬಗೆಯಾಗಿ ವಿಂಗಡಣೆಯಾಗುತ್ತಾರೆ. ಮೊದಲನೆಯವರು ಪತ್ರ, ಡೆಲಿವರಿ ಚಲನ್, ಸರಳ ಪಟ್ಟಿಗಳನ್ನು ಸಿದ್ಧಪಡಿಸುವವರು. ಗೋದಾಮಿನ ಗುಮಾಸ್ತರು, ಸ್ವಾಗತ ವಿಭಾಗದವರು, ಅಂಗಡಿಯ ಮುಂಗಟ್ಟೆಯವರು ಈ ಗುಂಪಿಗೆ ಸೇರುತ್ತಾರೆ. ಎರಡನೆಯವರು ಗ್ರಾಹಕ ಕಂಪನಿಗಳೊಡನೆ ಕಡತಗಳನ್ನು ಹಲವು ಬಾರಿ ಅತ್ತಿಂದಿತ್ತ ಕಳುಹಿಸಿ ತಿದ್ದುವವರು; ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಒದಗಿಸುವವರ ಮಾರಾಟ ಹಾಗೂ ಗುಣಮಟ್ಟ ವಿಭಾಗದವರು ಇಂಥವರು. ಮೂರನೆಯವರು ಲೆಕ್ಕಪತ್ರ ಮತ್ತು ತೆರಿಗೆಯ ಕೆಲಸ ನೋಡಿಕೊಳ್ಳುವವರು. ಈ ಮೂರು ಗುಂಪುಗಳ ಅಗತ್ಯಗಳು ಬೇರೆ ಬೇರೆ. ಎಲ್ಲರಿಗೂ ಒಂದೇ ಬಗೆಯ ತಂತ್ರಾಂಶ ಕೊಡಿಸಬೇಕೆಂಬ ನಿಯಮವೇನೂ ಇಲ್ಲ. ಅನಗತ್ಯ ವೆಚ್ಚದ ಬಹುಪಾಲು ಹುಟ್ಟುವುದು ಈ ವಿಂಗಡಣೆ ಮಾಡದಿರುವುದರಿಂದಲೇ.

ಪರವಾನಗಿಯಿಲ್ಲದ ಪ್ರತಿ: ಅಗ್ಗವಲ್ಲ, ಅಪಾಯ

ಗಣಕ ಜೋಡಿಸಿಕೊಡುವವರು ‘ಎಲ್ಲವನ್ನೂ ಹಾಕಿ ಕೊಡುತ್ತೇವೆ’ ಎಂದು ಹೇಳುವ ರೂಢಿ ಇನ್ನೂ ಪೂರ್ಣವಾಗಿ ಹೋಗಿಲ್ಲ. ಹಾಗೆ ಹಾಕಿಕೊಟ್ಟ ತಂತ್ರಾಂಶಕ್ಕೆ ಪರವಾನಗಿ ಇದೆಯೇ ಎಂದು ಕೇಳುವವರು ಕಡಿಮೆ. 1957ರ ಹಕ್ಕುಸ್ವಾಮ್ಯ ಅಧಿನಿಯಮದ 63ಬಿ ಪ್ರಕರಣದ ಪ್ರಕಾರ, ಗಣಕ ತಂತ್ರಾಂಶದ ಅನಧಿಕೃತ ಪ್ರತಿಯನ್ನು ತಿಳಿದೂ ಬಳಸುವುದು ಅಪರಾಧ. ಅದಕ್ಕೆ ಏಳು ದಿನಗಳಿಂದ ಮೂರು ವರ್ಷಗಳವರೆಗೆ ಕಾರಾಗೃಹ ವಾಸ ಹಾಗೂ 50,000 ರೂ.ಗಳಿಂದ 2 ಲಕ್ಷ ರೂ.ಗಳವರೆಗೆ ದಂಡವನ್ನು ಅಲ್ಲಿ ಹೇಳಲಾಗಿದೆ. ಲಾಭಕ್ಕಾಗಿ ಅಥವಾ ವ್ಯಾಪಾರದ ಸಂಬಂಧದಲ್ಲಿ ಬಳಸದವರಿಗೆ ನ್ಯಾಯಾಲಯವು ಶಿಕ್ಷೆಯಲ್ಲಿ ರಿಯಾಯಿತಿ ತೋರಬಹುದು. ವರ್ತಕರು ಬಳಸುವುದು ವ್ಯಾಪಾರಕ್ಕಾಗಿಯೇ ಆದುದರಿಂದ ಆ ರಿಯಾಯಿತಿಯನ್ನು ಅವರು ನಿರೀಕ್ಷಿಸುವಂತಿಲ್ಲ.

ಇದಕ್ಕೆ ಹೊಂದಿಕೊಂಡ ಇನ್ನೆರಡು ಸಂಗತಿಗಳಿವೆ. ಮೊದಲನೆಯದು, ಲ್ಯಾಪ್‌ಟಾಪ್‌ಗಳೊಡನೆ ಬಂದ ಆಫೀಸ್ ‘ಹೋಮ್ ಅಂಡ್ ಸ್ಟೂಡೆಂಟ್’ 2019 ಹಾಗೂ 2021 ಆವೃತ್ತಿಗಳು. ಇವು ಅಸಲಿ ಪ್ರತಿಗಳೇ ಹೌದು. ಆದರೆ ಇವುಗಳ ಪರವಾನಗಿ ಮನೆಯ ಹಾಗೂ ವಿದ್ಯಾರ್ಥಿಗಳ ಬಳಕೆಗೆ ಸೀಮಿತ. ವ್ಯಾಪಾರದ ಬಳಕೆಗೆ ‘ಹೋಮ್ ಅಂಡ್ ಬಿಸಿನೆಸ್’ ಅಥವಾ ಅದಕ್ಕೂ ಮೇಲಿನ ಆವೃತ್ತಿ ಬೇಕು. ಎರಡನೆಯದು, ಅಂತರ್ಜಾಲದಲ್ಲಿ ಕೆಲವೇ ನೂರು ರೂಪಾಯಿಗಳಿಗೆ ಮಾರಾಟವಾಗುವ ‘ಕೀ’ಗಳು. ಅಂಕಿಗಳ ಸಾಲೊಂದು ಕೈಗೆ ಬಂದಿತೆಂದರೆ ಪರವಾನಗಿ ಬಂದಂತಲ್ಲ. ಸಂಸ್ಥೆಯ ಹೆಸರು ಹಾಗೂ ಜಿಎಸ್‌ಟಿ ಸಂಖ್ಯೆ ನಮೂದಿಸಿದ ಬಿಲ್ಲು ಕೊಡದ ಮಾರಾಟಗಾರರಿಂದ ತಂತ್ರಾಂಶ ಕೊಳ್ಳದಿರುವುದೇ ಕ್ಷೇಮ. ಸರಿಯಾದ ಬಿಲ್ಲಿದ್ದರೆ ನಿಯಮಾನುಸಾರ ಇನ್‌ಪುಟ್ ತೆರಿಗೆ ಜಮೆಯನ್ನೂ ಪಡೆಯಬಹುದು; ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಮಾತ್ರ ಈ ಅನುಕೂಲ ಇಲ್ಲ.

ಲಭ್ಯವಿರುವ ನಾಲ್ಕು ದಾರಿಗಳು

ಒಂದು, ಒಮ್ಮೆಗೇ ಹಣ ಕೊಟ್ಟು ಕೊಳ್ಳುವುದು. ಆಫೀಸ್ 2024 ಈ ಬಗೆಯದು. ಒಂದು ಪರವಾನಗಿ ಒಂದು ಗಣಕಕ್ಕೆ ಮಾತ್ರ. ಮುಂದಿನ ಆವೃತ್ತಿ ಬಂದಾಗ ಅದು ತಾನಾಗಿ ದೊರೆಯುವುದಿಲ್ಲ. ಇದರ ಬೆಂಬಲ 2029ರ ಅಕ್ಟೋಬರ್ ತಿಂಗಳಿಗೆ ಮುಗಿಯುತ್ತದೆ. ಆದುದರಿಂದ ‘ಒಮ್ಮೆ ಕೊಂಡರೆ ಶಾಶ್ವತ’ ಎಂಬ ಭಾವನೆಯನ್ನು ಬಿಟ್ಟು, ಬೆಂಬಲ ಉಳಿದಿರುವ ವರ್ಷಗಳಿಗೆ ಬೆಲೆಯನ್ನು ಹಂಚಿ ನೋಡಬೇಕು.

ಎರಡು, ಚಂದಾ ಪದ್ಧತಿ. ಮೈಕ್ರೋಸಾಫ್ಟ್ 365, ಗೂಗಲ್ ವರ್ಕ್‌ಸ್ಪೇಸ್, ಚೆನ್ನೈ ಮೂಲದ ಜೋಹೊ ಸಂಸ್ಥೆಯ ವರ್ಕ್‌ಪ್ಲೇಸ್ ಇವೆಲ್ಲ ತಲೆಗೆ ಇಷ್ಟೆಂದು ತಿಂಗಳ ಅಥವಾ ವರ್ಷದ ಶುಲ್ಕ ಪಡೆಯುತ್ತವೆ. ಸಂಸ್ಥೆಯ ಹೆಸರಿನ ಇಮೇಲ್ ವಿಳಾಸ, ಕಡತಗಳನ್ನು ಇಡಲು ಜಾಗ, ಒಂದೇ ಕಡತದಲ್ಲಿ ಹಲವರು ಏಕಕಾಲಕ್ಕೆ ಕೆಲಸ ಮಾಡುವ ಸೌಲಭ್ಯ ಇವು ಇದರ ಲಾಭಗಳು. ಮೈಕ್ರೋಸಾಫ್ಟ್ 365ರ ಕೆಲವು ಯೋಜನೆಗಳಲ್ಲಿ ಗಣಕಕ್ಕೆ ಅಳವಡಿಸುವ ತಂತ್ರಾಂಶ ಇರುವುದಿಲ್ಲ. ಜಾಲದ ಮೂಲಕ ಬ್ರೌಸರಿನಲ್ಲಿ ಮಾತ್ರ ಬಳಸಬೇಕು. ಎಕ್ಸೆಲ್‌ನ ಮ್ಯಾಕ್ರೊಗಳು ಬ್ರೌಸರಿನಲ್ಲಿ ನಡೆಯುವುದಿಲ್ಲ. ಕಡಿಮೆ ದರದ ಯೋಜನೆಯನ್ನು ಆರಿಸುವಾಗ ಈ ವ್ಯತ್ಯಾಸವನ್ನು ಕೇಳಿ ತಿಳಿಯಬೇಕು. ಶುಲ್ಕ ಕಟ್ಟುವುದು ನಿಂತರೆ ಸೇವೆಯೂ ನಿಲ್ಲುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ಮೂರು, ಮುಕ್ತ ತಂತ್ರಾಂಶ. ಇವುಗಳಲ್ಲಿ ಪ್ರಮುಖವಾದುದು ಲಿಬ್ರೆಆಫೀಸ್. ಇದರ ಮೂಲ ಜರ್ಮನಿಯ ಸ್ಟಾರ್‌ಆಫೀಸ್. 1999ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ ಅದನ್ನು ಕೊಂಡು, 2000ದಲ್ಲಿ ಅದರ ಆಕರ ಸಂಕೇತವನ್ನು ಎಲ್ಲರಿಗೂ ತೆರೆದಿಟ್ಟಿತು. ಹೀಗೆ ಹುಟ್ಟಿದ ಓಪನ್‌ಆಫೀಸ್‌ನಿಂದ 2010ರಲ್ಲಿ ಬೇರ್ಪಟ್ಟು, ಡಾಕ್ಯುಮೆಂಟ್ ಫೌಂಡೇಶನ್ ಎಂಬ ಸಂಸ್ಥೆಯ ಆಶ್ರಯದಲ್ಲಿ ಬೆಳೆದದ್ದೇ ಲಿಬ್ರೆಆಫೀಸ್. ಪತ್ರಕ್ಕೆ ರೈಟರ್, ಲೆಕ್ಕದ ಹಾಳೆಗೆ ಕ್ಯಾಲ್ಕ್, ಪ್ರಾತ್ಯಕ್ಷಿಕೆಗೆ ಇಂಪ್ರೆಸ್ ಎಂಬ ಭಾಗಗಳು ಇದರಲ್ಲಿವೆ. ಎಷ್ಟು ಗಣಕಗಳಿಗೆ ಬೇಕಾದರೂ, ವ್ಯಾಪಾರದ ಬಳಕೆಗೂ, ಯಾವ ಶುಲ್ಕವೂ ಇಲ್ಲದೆ ಅಳವಡಿಸಬಹುದು. ಹಳೆಯ ಗಣಕಗಳಲ್ಲಿ ಮಾತ್ರ ಗಮನವಿರಲಿ: 2025ರ ಆಗಸ್ಟ್‌ನಲ್ಲಿ ಬಂದ 25.8 ಆವೃತ್ತಿಯಿಂದ ಮುಂದಕ್ಕೆ ಇದು ವಿಂಡೋಸ್ 7 ಮತ್ತು 8ರಲ್ಲಿ ನಡೆಯುವುದಿಲ್ಲ.

ನಾಲ್ಕು, ಬೆಲೆಯಿಲ್ಲದ ಜಾಲಸೇವೆಗಳು. ವೈಯಕ್ತಿಕ ಗೂಗಲ್ ಖಾತೆ ಇದ್ದವರಿಗೆ 15 ಜಿಬಿ ಜಾಗದೊಡನೆ ಡಾಕ್ಸ್ ಹಾಗೂ ಶೀಟ್ಸ್ ದೊರೆಯುತ್ತವೆ. ಒಬ್ಬರೇ ನಡೆಸುವ ಸಣ್ಣ ಅಂಗಡಿಗೆ ಇದು ಸಾಕಾಗಬಹುದು. ಆದರೆ ನೌಕರರನ್ನಿಟ್ಟುಕೊಂಡ ಸಂಸ್ಥೆಗಳಲ್ಲಿ ಒಂದು ತೊಡಕಿದೆ. ಕಡತವು ಯಾರ ಖಾತೆಯಲ್ಲಿ ಸೃಷ್ಟಿಯಾಯಿತೋ ಅದು ಅವರ ಹಿಡಿತದಲ್ಲಿರುತ್ತದೆ. ಮಾರಾಟದ ನೌಕರರು ತಮ್ಮ ಸ್ವಂತ ಖಾತೆಯಲ್ಲಿ ಗ್ರಾಹಕರ ಪಟ್ಟಿ ಇಟ್ಟುಕೊಂಡು ಕೆಲಸ ಬಿಟ್ಟು ಹೋದರೆ, ಆ ಪಟ್ಟಿಯನ್ನು ಮರಳಿ ಪಡೆಯುವ ದಾರಿ ಮಾಲೀಕರ ಕೈಯಲ್ಲಿರುವುದಿಲ್ಲ. ಸಂಸ್ಥೆಯ ಹೆಸರಿನ ಖಾತೆಗಳಿಗೆ ಶುಲ್ಕ ಕೊಡುವುದು ಮುಖ್ಯವಾಗಿ ಈ ಹಿಡಿತಕ್ಕಾಗಿಯೇ.

ಲೆಕ್ಕಪತ್ರದ ತಂತ್ರಾಂಶ ಬೇರೆಯೇ ವಿಷಯ

ಲೆಕ್ಕದ ಹಾಳೆಯಲ್ಲೇ ಪೂರ್ಣ ಲೆಕ್ಕಪತ್ರ ಇಟ್ಟು ಹಣ ಉಳಿಸಬಹುದೆಂದು ಕೆಲವರು ಭಾವಿಸುತ್ತಾರೆ. ಪ್ರೈವೇಟ್ ಲಿಮಿಟೆಡ್ ಸೇರಿದಂತೆ ಕಂಪನಿಗಳಿಗೆ ಈ ದಾರಿ ಮುಚ್ಚಿದೆ. 2014ರ ಕಂಪನಿಗಳ ಲೆಕ್ಕಪತ್ರ ನಿಯಮಗಳ ಪ್ರಕಾರ, 2023ರ ಏಪ್ರಿಲ್ 1ರಿಂದ ಆರಂಭವಾದ ಆರ್ಥಿಕ ವರ್ಷದಿಂದ, ಗಣಕದಲ್ಲಿ ಲೆಕ್ಕ ಇಡುವ ಕಂಪನಿಗಳು ಪ್ರತಿಯೊಂದು ನಮೂದಿನ ತಿದ್ದುಪಡಿಯನ್ನೂ ದಿನಾಂಕ ಸಹಿತ ದಾಖಲಿಸುವ ತಂತ್ರಾಂಶವನ್ನೇ ಬಳಸಬೇಕು. ಆ ದಾಖಲೆ ನಿಲ್ಲಿಸಲು ಬಾರದಂತಿರಬೇಕು. ಸಾಮಾನ್ಯ ಎಕ್ಸೆಲ್ ಅಥವಾ ಕ್ಯಾಲ್ಕ್ ಹಾಳೆ ಈ ಷರತ್ತನ್ನು ಪೂರೈಸಲಾರದು. ಲೆಕ್ಕಪುಸ್ತಕಗಳ ಪ್ರತಿಯನ್ನು ಭಾರತದಲ್ಲಿರುವ ಸರ್ವರಿನಲ್ಲಿ ಪ್ರತಿದಿನ ಇಡಬೇಕೆಂದು 2022ರ ತಿದ್ದುಪಡಿ ಹೇಳುತ್ತದೆ. ಏಕಮಾಲೀಕತ್ವದ ಹಾಗೂ ಪಾಲುದಾರಿಕೆಯ ಸಂಸ್ಥೆಗಳಿಗೆ ಈ ನಿಯಮಗಳು ಅನ್ವಯಿಸುವುದಿಲ್ಲ.

ಇ-ಇನ್‌ವಾಯ್ಸ್ ವಿಚಾರವನ್ನೂ ನೋಡಬೇಕು. 2020ರ ಅಕ್ಟೋಬರ್‌ನಲ್ಲಿ 500 ಕೋಟಿ ರೂ. ವಹಿವಾಟಿನ ಮಿತಿಯೊಂದಿಗೆ ಆರಂಭವಾದ ಈ ಪದ್ಧತಿಯನ್ನು ಹಂತಹಂತವಾಗಿ ವಿಸ್ತರಿಸಿ, 2023ರ ಆಗಸ್ಟ್ 1ರಿಂದ 5 ಕೋಟಿ ರೂ. ಮೀರಿದ ವಾರ್ಷಿಕ ವಹಿವಾಟಿನವರಿಗೂ ಅನ್ವಯಿಸಲಾಯಿತು. 10 ಕೋಟಿ ರೂ. ಹಾಗೂ ಅದಕ್ಕೂ ಹೆಚ್ಚಿನ ವಹಿವಾಟಿನವರು ಇನ್‌ವಾಯ್ಸ್ ದಿನಾಂಕದಿಂದ 30 ದಿನಗಳೊಳಗೆ ಪೋರ್ಟಲ್‌ಗೆ ವರದಿ ಮಾಡಬೇಕೆಂಬ ಮಿತಿ 2025ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಈ ವ್ಯಾಪ್ತಿಗೆ ಬರುವವರು ಅಥವಾ ಸದ್ಯದಲ್ಲೇ ಬರಲಿರುವವರು, ಇನ್‌ವಾಯ್ಸ್ ಸಿದ್ಧವಾದೊಡನೆ ಪೋರ್ಟಲ್‌ಗೆ ನೇರವಾಗಿ ಕಳುಹಿಸಿ ಕ್ಯೂಆರ್ ಸಂಕೇತ ಸಹಿತ ಮುದ್ರಿಸಿಕೊಡುವ ಲೆಕ್ಕಪತ್ರ ತಂತ್ರಾಂಶಕ್ಕೆ ಹಣ ವೆಚ್ಚ ಮಾಡುವುದು ಯೋಗ್ಯ.

ಈ ಕ್ಷೇತ್ರದಲ್ಲಿ ನಮ್ಮ ಬೆಂಗಳೂರಿನದೇ ಆದ ಟ್ಯಾಲಿ ಮನೆಮಾತಾಗಿದೆ. 1986ರಲ್ಲಿ ಶ್ಯಾಮಸುಂದರ ಗೋಯೆಂಕಾ ಹಾಗೂ ಅವರ ಪುತ್ರ ಭರತ್ ಗೋಯೆಂಕಾ ಆರಂಭಿಸಿದ ಸಂಸ್ಥೆ ಇದು. ಟ್ಯಾಲಿಪ್ರೈಮ್ 2020ರಲ್ಲಿ ಬಂದಿತು. ಬ್ಯುಸಿ, ಮಾರ್ಗ್, ಜೋಹೊ ಬುಕ್ಸ್, ವ್ಯಾಪಾರ್ ಮೊದಲಾದವೂ ಬಳಕೆಯಲ್ಲಿವೆ. ಇವುಗಳಲ್ಲಿ ಯಾವುದನ್ನು ಆರಿಸಬೇಕೆಂಬ ಪ್ರಶ್ನೆಗೆ ವ್ಯಾವಹಾರಿಕ ಉತ್ತರವೊಂದಿದೆ: ತಮ್ಮ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಸುಲಭವಾಗಿ ತೆರೆಯಬಲ್ಲದ್ದನ್ನು ಆರಿಸುವುದು. ವರ್ಷಾಂತ್ಯದಲ್ಲಿ ಅಂಕಿ-ಅಂಶಗಳನ್ನು ಮರಳಿ ನಮೂದಿಸುವ ಶ್ರಮಕ್ಕಿಂತ ದುಬಾರಿಯಾದುದು ಬೇರಿಲ್ಲ. ಇಲ್ಲಿ ಖರ್ಚು ಮಾಡಿ, ಪತ್ರ ಹಾಗೂ ಪಟ್ಟಿಗಳ ಕಡೆ ಮಿತವ್ಯಯ ಸಾಧಿಸುವುದೇ ಜಾಣತನ.

ಐದು ವರ್ಷಗಳ ಲೆಕ್ಕ

ಬೆಲೆಯನ್ನು ಹೋಲಿಸುವಾಗ ಐದು ವರ್ಷಗಳ ಒಟ್ಟು ವೆಚ್ಚವನ್ನು ಕಾಣಬೇಕು. ಆರು ಗಣಕಗಳಿರುವ ಒಂದು ಸಣ್ಣ ಕಾರ್ಖಾನೆಯನ್ನು ಊಹಿಸಿಕೊಳ್ಳೋಣ. ಕೆಳಗಿನ ದರಗಳು ಲೆಕ್ಕದ ಕ್ರಮ ತಿಳಿಯಲೆಂದು ತೆಗೆದುಕೊಂಡವು, ಮಾರುಕಟ್ಟೆಯ ದರಗಳಲ್ಲ. ಓದುಗರು ತಮಗೆ ಬಂದ ಕೊಟೇಷನ್‌ನ ಅಂಕಿಗಳನ್ನು ಇವುಗಳ ಜಾಗದಲ್ಲಿ ಇಟ್ಟು ನೋಡಬೇಕು.

ಚಂದಾ ದರ ತಲೆಗೆ ತಿಂಗಳಿಗೆ 500 ರೂ. ಎಂದಿರಲಿ. ಆರು ಜನರಿಗೆ ಐದು ವರ್ಷಕ್ಕೆ 1,80,000 ರೂ. ಆಗುತ್ತದೆ. ಒಮ್ಮೆಗೇ ಕೊಳ್ಳುವ ಪರವಾನಗಿ ಒಂದಕ್ಕೆ 25,000 ರೂ. ಎಂದಿರಲಿ. ಆರು ಗಣಕಗಳಿಗೆ 1,50,000 ರೂ. ಮೂರನೆಯದಾಗಿ ಮಿಶ್ರ ವ್ಯವಸ್ಥೆ: ಗ್ರಾಹಕರೊಡನೆ ಕಡತ ವಿನಿಮಯ ಮಾಡುವ ಒಬ್ಬರಿಗೆ ಹಾಗೂ ಲೆಕ್ಕಪತ್ರದವರಿಗೆ ಮಾತ್ರ ಪರವಾನಗಿ ಕೊಂಡು, ಉಳಿದ ನಾಲ್ವರಿಗೆ ಲಿಬ್ರೆಆಫೀಸ್. ಪರವಾನಗಿಗೆ 50,000 ರೂ., ತರಬೇತಿ ಹಾಗೂ ಹಳೆಯ ನಮೂನೆಗಳನ್ನು ಸರಿಪಡಿಸಲು 20,000 ರೂ.; ಒಟ್ಟು 70,000 ರೂ. ಮೇಲ್ನೋಟಕ್ಕೆ ಮೂರನೆಯದೇ ಅತ್ಯಂತ ಅಗ್ಗ.

ಆದರೆ ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ. ತಿಂಗಳಿಗೆ 20,000 ರೂ. ಸಂಬಳ ಪಡೆದು 200 ಗಂಟೆ ದುಡಿಯುವ ನೌಕರರ ಒಂದು ಗಂಟೆಯ ಬೆಲೆ 100 ರೂ. ಹೊಸ ತಂತ್ರಾಂಶದ ಅಭ್ಯಾಸವಾಗುವವರೆಗೆ ನಾಲ್ವರಿಗೂ ದಿನಕ್ಕೆ ಹತ್ತು ನಿಮಿಷ ವ್ಯರ್ಥವಾಗುತ್ತದೆ ಎನ್ನೋಣ. ಈ ತೊಡಕು 50 ಕೆಲಸದ ದಿನಗಳಲ್ಲಿ ನಿಂತರೆ ನಷ್ಟ ಸುಮಾರು 33 ಗಂಟೆ, ಅಂದರೆ 3,300 ರೂ. ಮಾತ್ರ. ಅದೇ ತೊಡಕು ಎಂದಿಗೂ ಹೋಗದೆ, ವರ್ಷಕ್ಕೆ 300 ದಿನದಂತೆ ಐದು ವರ್ಷವೂ ಮುಂದುವರಿದರೆ ನಷ್ಟ 1,000 ಗಂಟೆ, ಅಂದರೆ ಒಂದು ಲಕ್ಷ ರೂಪಾಯಿ. ಆಗ ಮಿಶ್ರ ವ್ಯವಸ್ಥೆಯ ನಿಜವಾದ ವೆಚ್ಚ 1,70,000 ರೂ. ಆಗಿ, ಎಲ್ಲರಿಗೂ ಪರವಾನಗಿ ಕೊಂಡದ್ದಕ್ಕಿಂತ ದುಬಾರಿಯಾಗುತ್ತದೆ.

ಈ ಒಂದು ಲೆಕ್ಕದಲ್ಲೇ ಎಲ್ಲ ಮರ್ಮವೂ ಅಡಗಿದೆ. ಬೆಲೆಯಿಲ್ಲದ ತಂತ್ರಾಂಶ ಅಗ್ಗವೋ ದುಬಾರಿಯೋ ಎಂಬುದು ಅದರ ಗುಣಕ್ಕಿಂತ ಹೆಚ್ಚಾಗಿ, ಅದನ್ನು ಯಾರ ಮುಂದೆ ಇಡುತ್ತೇವೆ ಎಂಬುದನ್ನು ಅವಲಂಬಿಸಿದೆ. ಸರಳ ಪತ್ರ ಹಾಗೂ ಪಟ್ಟಿಗಳ ಕೆಲಸದಲ್ಲಿ ತೊಡಕು ಕೆಲವು ವಾರಗಳಲ್ಲಿ ಮಾಯವಾಗುತ್ತದೆ. ಪ್ರತಿದಿನ ಗ್ರಾಹಕರ ಕಡತಗಳನ್ನು ತಿದ್ದುವ ಕೆಲಸದಲ್ಲಿ ಅದು ಉಳಿದುಕೊಳ್ಳುತ್ತದೆ.

ಹೊಂದಾಣಿಕೆಯಲ್ಲಿ ಎಡವುವ ಜಾಗಗಳು

ಲಿಬ್ರೆಆಫೀಸ್ ತನ್ನ ಕಡತಗಳನ್ನು ಓಪನ್ ಡಾಕ್ಯುಮೆಂಟ್ ಎಂಬ ರೂಪದಲ್ಲಿ ಉಳಿಸುತ್ತದೆ. ಇದು 2006ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಮೈಕ್ರೋಸಾಫ್ಟ್‌ನ ರೂಪವನ್ನು 2008ರಲ್ಲಿ ಮಾನಕವಾಗಿ ಒಪ್ಪಲಾಯಿತು. ಎರಡೂ ತಂತ್ರಾಂಶಗಳು ಎರಡೂ ರೂಪಗಳನ್ನು ತೆರೆಯಬಲ್ಲವು. ಆದರೂ ಕೆಲವೆಡೆ ವ್ಯತ್ಯಾಸ ಕಂಡುಬರುತ್ತದೆ.

ಮೊದಲನೆಯದು ಮ್ಯಾಕ್ರೊ. ಎಕ್ಸೆಲ್‌ನಲ್ಲಿ ಬರೆದ ಮ್ಯಾಕ್ರೊಗಳು ಕ್ಯಾಲ್ಕ್‌ನಲ್ಲಿ ಭಾಗಶಃ ಮಾತ್ರ ನಡೆಯುತ್ತವೆ. ಜಿಎಸ್‌ಟಿ ಪೋರ್ಟಲ್‌ನ ಕೆಲವು ಆಫ್‌ಲೈನ್ ಸಾಧನಗಳು ಎಕ್ಸೆಲ್‌ಗೆಂದೇ ರಚಿಸಿದ ಮ್ಯಾಕ್ರೊ ಸಹಿತ ಹಾಳೆಗಳಾಗಿವೆ. ಆದುದರಿಂದ ಲೆಕ್ಕಪತ್ರ ವಿಭಾಗದ ಒಂದು ಗಣಕದಲ್ಲಾದರೂ ಪರವಾನಗಿಯುಳ್ಳ ಎಕ್ಸೆಲ್ ಇರಿಸಿಕೊಳ್ಳುವುದು ವಿವೇಕ. ಎರಡನೆಯದು ಹೊಸ ಸೂತ್ರಗಳು. ಎಕ್ಸ್‌ಲುಕಪ್ ಎಂಬ ಜನಪ್ರಿಯ ಸೂತ್ರ ಲಿಬ್ರೆಆಫೀಸ್‌ಗೆ ಬಂದದ್ದು 2024ರ ಆಗಸ್ಟ್‌ನ 24.8 ಆವೃತ್ತಿಯಲ್ಲಿ. ಹಳೆಯ ಆವೃತ್ತಿ ಇಟ್ಟುಕೊಂಡು ಸೂತ್ರ ಕೆಲಸ ಮಾಡುವುದಿಲ್ಲವೆಂದು ದೂರುವುದು ಸರಿಯಲ್ಲ. ಮೂರನೆಯದು ಅಕ್ಷರ ವಿನ್ಯಾಸ. ಕ್ಯಾಲಿಬ್ರಿ, ಕೇಂಬ್ರಿಯ ಇಲ್ಲದ ಗಣಕದಲ್ಲಿ ಪುಟದ ಸಾಲುಗಳು ಜಾರಬಹುದು. ಅವುಗಳದೇ ಅಗಲ ಹೊಂದಿದ ಕಾರ್ಲಿಟೊ, ಕ್ಯಾಲಡಿಯ ಎಂಬ ಮುಕ್ತ ಅಕ್ಷರ ವಿನ್ಯಾಸಗಳಿದ್ದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಹೊರಗೆ ಹೋಗುವ ದರಪಟ್ಟಿ, ಇನ್‌ವಾಯ್ಸ್‌ಗಳನ್ನು ಪಿಡಿಎಫ್ ರೂಪದಲ್ಲೇ ಕಳುಹಿಸಿದರೆ ನೋಟ ಕೆಡುವ ಪ್ರಶ್ನೆ ಇಲ್ಲ, ಪಡೆದವರು ಸುಲಭವಾಗಿ ಅಂಕಿ ತಿದ್ದುವ ಭಯವೂ ಕಡಿಮೆ.

ಕನ್ನಡದ ಪತ್ರ ವ್ಯವಹಾರವುಳ್ಳವರು ಇನ್ನೊಂದು ಅಂಶವನ್ನು ಪರಿಶೀಲಿಸಬೇಕು. ಹಿಂದೆ ನುಡಿ, ಬರಹ ತಂತ್ರಾಂಶಗಳಲ್ಲಿ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಸಿದ್ಧಪಡಿಸಿದ ಕಡತಗಳು, ಆ ಅಕ್ಷರ ವಿನ್ಯಾಸ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಇದು ಹೊಸ ತಂತ್ರಾಂಶದ ದೋಷವಲ್ಲ. ಮುಖ್ಯವಾದ ಹಳೆಯ ಪತ್ರಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಂಡು, ಇನ್ನು ಮುಂದೆ ಯೂನಿಕೋಡ್‌ನಲ್ಲೇ ಬೆರಳಚ್ಚು ಮಾಡುವಂತೆ ಸಿಬ್ಬಂದಿಗೆ ತಿಳಿಸಬೇಕು. ಲಿಬ್ರೆಆಫೀಸ್‌ನ ಆದೇಶಗಳನ್ನು ಕನ್ನಡದಲ್ಲೇ ಕಾಣುವಂತೆ ಮಾಡಿಕೊಳ್ಳುವ ಅವಕಾಶವೂ ಇದೆ. ಇಂಗ್ಲಿಷ್ ಬಳಕೆ ಕಡಿಮೆ ಇರುವ ಸಿಬ್ಬಂದಿಗೆ ಇದು ನೆರವಾದೀತು.

ಇತರರ ಅನುಭವ

ಜರ್ಮನಿಯ ಮ್ಯೂನಿಕ್ ನಗರಾಡಳಿತವು 2003ರಲ್ಲಿ ಮುಕ್ತ ತಂತ್ರಾಂಶಕ್ಕೆ ಹೋಗುವ ನಿರ್ಣಯ ಕೈಗೊಂಡು, ಸಾವಿರಾರು ಗಣಕಗಳನ್ನು ಬದಲಾಯಿಸಿತು. 2017ರಲ್ಲಿ ಅದೇ ನಗರಸಭೆ ವಿಂಡೋಸ್‌ಗೆ ಮರಳಲು ತೀರ್ಮಾನಿಸಿತು. ಅದೇ ದೇಶದ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯವು 2024ರಲ್ಲಿ ತನ್ನ ಸುಮಾರು 30,000 ಗಣಕಗಳಿಗೆ ಲಿಬ್ರೆಆಫೀಸ್ ಅಳವಡಿಸುವುದಾಗಿ ಪ್ರಕಟಿಸಿತು. ನಮ್ಮ ನೆರೆಯ ಕೇರಳದಲ್ಲಿ ಸರ್ಕಾರಿ ಶಾಲೆಗಳ ಗಣಕ ಶಿಕ್ಷಣ ಬಹುಕಾಲದಿಂದ ಮುಕ್ತ ತಂತ್ರಾಂಶದ ಮೇಲೆಯೇ ನಡೆದಿದೆ. ಭಾರತ ಸರ್ಕಾರವೂ 2015ರಲ್ಲಿ ತನ್ನ ಇಲಾಖೆಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿಯನ್ನು ಪ್ರಕಟಿಸಿತು. ದೊಡ್ಡ ಆಡಳಿತಗಳೇ ಹೋಗುವುದೂ ಬರುವುದೂ ಇರುವಾಗ, ಒಂದೇ ಉತ್ತರ ಎಲ್ಲರಿಗೂ ಹೊಂದುತ್ತದೆಂದು ಹೇಳಲಾಗದು. ಸಣ್ಣ ಸಂಸ್ಥೆಗೆ ಇಲ್ಲಿ ಒಂದು ಅನುಕೂಲವಿದೆ: ಆರು ಗಣಕಗಳಲ್ಲಿ ಒಂದನ್ನು ಮೊದಲು ಬದಲಾಯಿಸಿ ನೋಡುವುದು ಅದಕ್ಕೆ ಕಷ್ಟವಲ್ಲ.

ಒಂದು ತಿಂಗಳ ಪರೀಕ್ಷೆ

ಯಾವ ತಂತ್ರಾಂಶವನ್ನೇ ಆಗಲಿ ಎಲ್ಲ ಗಣಕಗಳಿಗೂ ಒಮ್ಮೆಲೇ ಹಾಕುವ ಮುನ್ನ ಈ ಕೆಳಗಿನ ಕ್ರಮವನ್ನು ಅನುಸರಿಸುವುದು ಒಳಿತು.

1. ಸಂಸ್ಥೆ ನಿತ್ಯ ಬಳಸುವ ಹತ್ತು ಕಡತಗಳನ್ನು ಆರಿಸಿರಿ: ಲೆಟರ್‌ಹೆಡ್, ದರಪಟ್ಟಿ, ದಾಸ್ತಾನು ಪಟ್ಟಿ, ಸಂಬಳದ ತಖ್ತೆ, ಗ್ರಾಹಕರು ಕಳುಹಿಸಿದ ಪರ್ಚೇಸ್ ಆರ್ಡರ್ ಇತ್ಯಾದಿ. ಅವುಗಳಲ್ಲಿ ಅತ್ಯಂತ ತೊಡಕಿನ ಒಂದೆರಡು ಇರಲೇಬೇಕು.

2. ಮೂಲ ಕಡತಗಳನ್ನು ಮುಟ್ಟದೆ, ಅವುಗಳ ಪ್ರತಿಗಳನ್ನು ಹೊಸ ತಂತ್ರಾಂಶದಲ್ಲಿ ತೆರೆದು, ತಿದ್ದಿ, ಮುದ್ರಿಸಿ ನೋಡಿರಿ. ಒಟ್ಟು ಮೊತ್ತಗಳು ಮೊದಲಿನಂತೆಯೇ ಬರುತ್ತವೆಯೇ, ಲಕ್ಷ-ಕೋಟಿಯ ಅಲ್ಪವಿರಾಮಗಳು ಸರಿಯಾದ ಜಾಗದಲ್ಲಿವೆಯೇ, ದಿನಾಂಕದಲ್ಲಿ ತಿಂಗಳು ಮತ್ತು ದಿನ ಅದಲುಬದಲಾಗಿಲ್ಲವೇ ಎಂಬುದನ್ನು ಪರಿಶೀಲಿಸಿರಿ.

3. ತಿದ್ದಿದ ಕಡತವನ್ನು ವಿಶ್ವಾಸದ ಗ್ರಾಹಕರೊಬ್ಬರಿಗೆ ಹಾಗೂ ಲೆಕ್ಕಪರಿಶೋಧಕರಿಗೆ ಕಳುಹಿಸಿ, ಅವರಲ್ಲಿ ಸರಿಯಾಗಿ ತೆರೆಯಿತೇ ಎಂದು ಕೇಳಿರಿ.

4. ಕಲಿಯುವ ಉತ್ಸಾಹವುಳ್ಳ ಒಬ್ಬ ನೌಕರರಿಗೆ ಒಂದು ತಿಂಗಳು ಹೊಸ ತಂತ್ರಾಂಶವನ್ನೇ ಬಳಸಲು ಹೇಳಿರಿ. ಎಲ್ಲಿ ಸಿಕ್ಕಿಕೊಂಡರು, ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆಯಿಸಿರಿ. ಮೇಲೆ ಹೇಳಿದ ‘ಹತ್ತು ನಿಮಿಷ’ದ ಲೆಕ್ಕಕ್ಕೆ ನಿಜವಾದ ಅಂಕಿ ದೊರೆಯುವುದು ಇಲ್ಲಿಂದಲೇ. ಕೊನೆಯ ವಾರದಲ್ಲಿ ನಿಮಿಷಗಳು ಇಳಿದಿದ್ದರೆ ಮುಂದುವರಿಯಬಹುದು.

5. ಅದೇ ನೌಕರರಿಂದಲೇ ಉಳಿದವರಿಗೆ ತರಬೇತಿ ಕೊಡಿಸಿರಿ. ಜಿಎಸ್‌ಟಿ ರಿಟರ್ನ್ ಸಲ್ಲಿಸುವ ವಾರ ಹಾಗೂ ಮಾರ್ಚ್ ತಿಂಗಳಿನಲ್ಲಿ ಬದಲಾವಣೆ ಬೇಡ.

ಕಡತಗಳ ಸುರಕ್ಷೆ

ಎಷ್ಟೇ ಉತ್ತಮ ತಂತ್ರಾಂಶ ಕೊಂಡರೂ ಕಡತಗಳ ಪ್ರತಿ ಇಟ್ಟಿಲ್ಲವಾದರೆ ಪ್ರಯೋಜನವಿಲ್ಲ. ಜಿಎಸ್‌ಟಿ ಕಾಯ್ದೆಯ 36ನೇ ಪ್ರಕರಣದ ಪ್ರಕಾರ ಲೆಕ್ಕ ಹಾಗೂ ದಾಖಲೆಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳವರೆಗೆ ಕಾಪಾಡಬೇಕು. ಕಂಪನಿಗಳಿಗೆ ಈ ಅವಧಿ ಎಂಟು ವರ್ಷ. ಗಣಕದ ಹಾರ್ಡ್ ಡಿಸ್ಕ್ ಅಷ್ಟು ಕಾಲ ಬಾಳುತ್ತದೆಂಬ ಭರವಸೆ ಇಲ್ಲ. ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಅವುಗಳಲ್ಲಿ ಒಂದು ಕಚೇರಿಯ ಹೊರಗೆ ಎಂಬುದು ಸರಳ ಸೂತ್ರ. ಹೊರಗಿನ ಹಾರ್ಡ್ ಡಿಸ್ಕನ್ನು ಪ್ರತಿ ತೆಗೆದ ಮೇಲೆ ಗಣಕದಿಂದ ಕಳಚಿಡಬೇಕು. ಸದಾ ಜೋಡಿಸಿಟ್ಟರೆ ವೈರಸ್ ದಾಳಿಯಲ್ಲಿ ಅದೂ ಕೆಡುತ್ತದೆ. ತಿಂಗಳಿಗೊಮ್ಮೆ ಆ ಪ್ರತಿಯಿಂದ ಒಂದು ಕಡತವನ್ನು ತೆರೆದು ನೋಡಿ ಖಚಿತಪಡಿಸಿಕೊಳ್ಳಬೇಕು.

ಅದೇ ರೀತಿ ಚಂದಾ ಸೇವೆ ಪಡೆಯುವಾಗ ಆಡಳಿತ ಖಾತೆಯ ಗುಪ್ತಪದ ಮಾಲೀಕರ ಬಳಿಯೇ ಇರಬೇಕು. ಸಂಸ್ಥೆಯ ಡೊಮೇನ್ ಹೆಸರು ಅದನ್ನು ನೋಂದಾಯಿಸಿಕೊಟ್ಟ ಏಜೆಂಟರ ಹೆಸರಿನಲ್ಲಿರದೆ ಸಂಸ್ಥೆಯ ಹೆಸರಿನಲ್ಲೇ ಇರಬೇಕು. ಸೇವೆ ಬಿಡುವ ಸಂದರ್ಭ ಬಂದರೆ ಕಡತಗಳನ್ನೆಲ್ಲ ಸಾಮಾನ್ಯ ರೂಪದಲ್ಲಿ ಇಳಿಸಿಕೊಳ್ಳಲು ಸಾಧ್ಯವೇ ಎಂದು ಸೇರುವ ದಿನವೇ ಕೇಳಿಕೊಳ್ಳಬೇಕು.

ಕೊನೆಯ ಮಾತು

ಸಂಕ್ಷಿಪ್ತವಾಗಿ ಹೇಳುವುದಾದರೆ, ಲೆಕ್ಕಪತ್ರಕ್ಕೆ ಕಾನೂನಿನ ಷರತ್ತುಗಳನ್ನು ಪೂರೈಸುವ ತಂತ್ರಾಂಶ. ಗ್ರಾಹಕರೊಡನೆ ಕಡತ ವಿನಿಮಯ ಮಾಡುವವರಿಗೆ ಗ್ರಾಹಕರು ಬಳಸುವಂಥದೇ ತಂತ್ರಾಂಶ. ಉಳಿದವರಿಗೆ, ಪರೀಕ್ಷೆಯಲ್ಲಿ ತೇರ್ಗಡೆಯಾದಲ್ಲಿ, ಮುಕ್ತ ತಂತ್ರಾಂಶ. ಹೆಚ್ಚಿನ ಸಣ್ಣ ಸಂಸ್ಥೆಗಳಿಗೆ ಈ ಹಂಚಿಕೆ ಹೊಂದುತ್ತದೆ. ಇದರಿಂದ ಉಳಿದ ಹಣದಲ್ಲಿ ಮೊದಲ ಪಾಲು ಎರಡು ಹಾರ್ಡ್ ಡಿಸ್ಕ್‌ಗಳಿಗೂ ಸಿಬ್ಬಂದಿಯ ತರಬೇತಿಗೂ ಸಲ್ಲಲಿ. ಪರವಾನಗಿಯಿಲ್ಲದ ಪ್ರತಿಗಳು ತಮ್ಮ ಕಚೇರಿಯಲ್ಲಿದ್ದರೆ, ಅವುಗಳನ್ನು ತೆಗೆಸಿ ಅಲ್ಲಿ ಮುಕ್ತ ತಂತ್ರಾಂಶ ಹಾಕಿಸುವುದು ಇದೇ ವಾರ ಮಾಡಬಹುದಾದ, ಹಣವೇ ಬೇಡದ ಕೆಲಸ. ಸದಸ್ಯರು ಅದರಿಂದಲೇ ಆರಂಭಿಸಬಹುದು.